ಕಂಬದ ಹಿಂದಿನ ನೀರು

ಬಾಲ ಆಡುತ್ತಿದೆ, ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ, ಸತ್ತು ಎರಡು ಗಂಟೆಯಾದ ಮೀನಿನ ಬಾಲ, ಗಾಜಿನ ಕಾಲುವೆಯ ನೀರು ನಡುವಿನ ಕಂಬಕ್ಕೆ ಬಡಿದು ಕವಲೊಡೆದು ಹಿಂದೆ ಒಂದಾದ ಮೇಲೊಂದು ಸುಳಿ ಬಿಡುತ್ತಿದೆ, ಸುಳಿಗಳು ಆ ಮೆದು ಮೈಯನ್ನು ಬಳುಕಿಸುತ್ತಿವೆ, ಮೂತಿಗೆ ಕಟ್ಟಿದ ದಾರ ಸಡಿಲವಾಯಿತು, ಅಂದರೆ ಮೀನು ಹರಿವಿಗೆ ಎದುರಾಗಿ ಸರಿಯಿತು — ನೋಡಿದ್ರಾ ಮೇಡಂ, ಬದುಕಿದ್ದಾಗ ಸೋಮಾರಿ, ಈಗ ಈಜ್ತಾ ಇದೆ, ಎನ್ನುತ್ತಾರೆ ಪ್ರಯೋಗಾಲಯದ ಹಿರಿಯ ತಂತ್ರಜ್ಞ, ಅವಳು ನಗುವುದಿಲ್ಲ, ದಾರ ಕಟ್ಟಿದವಳು ಅವಳೇ, ಬರೀ ನೋಡಿದರೆ ಗೊತ್ತಾಗುತ್ತದೆಯೇ, ಜೀವ ಇರುವ ಈಜಿಗೂ ಇಲ್ಲದ ಈಜಿಗೂ ಇರುವ ವ್ಯತ್ಯಾಸ, ಅಷ್ಟು ತಿಳಿಯಬೇಕಿತ್ತು, ಗೊತ್ತಾಗುತ್ತದೆ, ಕಿವಿರು ಅಲುಗುತ್ತಿಲ್ಲ, ಕುರುಡರಿಗೂ ಗೊತ್ತಾಗುತ್ತದೆ.

ಎಂಟು ತಿಂಗಳ ಹಿಂದೆ, ಊಟದ ಮೇಜಿನಲ್ಲಿ, ಚಮಚ ಅಡ್ಡ ನಿಲ್ಲಿಸಿ ತಮ್ಮನಿಗೆ ಪಾಠ, ಮೀನು ದಡ್ಡ ಅಲ್ಲ ಕಣೋ, ಸುಸ್ತಾದ್ರೆ ಕಲ್ಲಿನ ಹಿಂದೆ ಹೋಗುತ್ತೆ, ಅಲ್ಲಿ ನೀರೇ ಅದನ್ನ ಹಿಡ್ಕೊಳ್ಳುತ್ತೆ — ಹಿಡ್ಕೊಳ್ಳುತ್ತೆ, ನಾಲಿಗೆಗೆ ಬೇರೆ ಪದ ಸಿಗಲಿಲ್ಲವೇ — ಅವನೋ, ಮೂವತ್ತು ದಾಟಿದರೂ ಅಕ್ಕ ಹೇಳಿದ್ರೆ ಮುಗೀತು ಅನ್ನುವವನು. ಮರುವಾರ ಹೊಳೆಗೆ ಹೋದರು, ಹೊಳೆ ತುಂಬಿರಲಿಲ್ಲ, ಸೊಂಟದೆತ್ತರದ ಒಡ್ಡು, ಮೇಲಿಂದ ನೀರು ಸದ್ದಿಲ್ಲದೆ ಜಾರುತ್ತಿತ್ತು, ಕೆಳಗಿನ ಮಡುವಿನಿಂದ ಅವನು ಕೂಗಿದ, ಅಕ್ಕಾ, ಸುಸ್ತಾಯ್ತು, ಒಡ್ಡಿನ ಬುಡದಲ್ಲಿ ಸುಧಾರಿಸ್ಕೊಂಡು ಬರ್ತೀನಿ, ನೀನೇ ಹೇಳಿದ್ಯಲ್ಲ — ಬೇಡ ಅನ್ನಬೇಕಿತ್ತು, ಒಡ್ಡು ಕಲ್ಲಲ್ಲ, ದಡದಿಂದ ದಡಕ್ಕೆ ಕಟ್ಟಿದ ಗೋಡೆ, ಅದರ ಬುಡದಲ್ಲಿ ನೀರು ಹಿಮ್ಮುಖವಾಗಿ ಸುತ್ತುತ್ತದೆ, ಸಿಕ್ಕಿದ್ದನ್ನು ಎಳೆಯುತ್ತದೆ, ಮುಳುಗಿಸುತ್ತದೆ, ಎತ್ತುತ್ತದೆ, ಮತ್ತೆ ಎಳೆಯುತ್ತದೆ, ಸಮೀಕರಣವೆಲ್ಲ ಬಾಯಿಪಾಠ, ಬಾಯಿಗೆ ಬಂದದ್ದು ಮಾತ್ರ ಹೂಂ, ಬೇಗ ಬಾ.

ಅಮ್ಮ ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು, ಒಂದೇ ಒಂದು ಕೇಳಿದರು, ನೀನು ನೋಡ್ತಾನೇ ಇದ್ಯಲ್ಲ, ಒದ್ದಾಡಿದ್ನಾ? ಇಲ್ಲಮ್ಮ. ಸುಳ್ಳಲ್ಲ, ಸುಳ್ಳಾಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು, ಅವಳಿಗೆ ಒದ್ದಾಟ ಕಾಣಲೇ ಇಲ್ಲ, ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು, ಯಾಕೆ ಅವರು ಅಲ್ಲೇ ಇದಾರೆ, ಅಂದರು, ಒಬ್ಬರು ಹಗ್ಗ ತರಲು ಎದ್ದೂ ಬಿಟ್ಟರು, ಅವಳೇ ಕೂರಿಸಿದಳು, ಗಾಬರಿಯಾಗ್ಬೇಡಿ, ನಂಗೆ ಗೊತ್ತು, ನನ್ನ ಕೆಲಸಾನೇ ಇದು, ಆರಾಮಾಗಿ ಈಜ್ತಾ ಇದಾನೆ — ಕಾಲುವೆ ಮೋಟರ್ ನಿಲ್ಲಿಸ್ಲಾ ಮೇಡಂ — ಮುಖ ನೋಡಲಿಲ್ಲ ಅವಳು, ಮುಖ ಮೇಲೆ ಬರಲೇ ಇಲ್ಲವಲ್ಲ ಎಂದು ಹೊಳೆಯಲೂ ಇಲ್ಲ, ನೀರಿನ ಮೇಲೆ ಆಡುತ್ತಿದ್ದ ಅವನ ಕೈ ಒಂದನ್ನೇ ನೋಡಿದಳು, ಈಗಲೂ ನೋಡುವುದು ಅದನ್ನೇ, ಹಲ್ಲುಜ್ಜುವಾಗ, ಬಸ್ಸಿನಲ್ಲಿ, ಪಾಠದ ನಡುವೆ — ಮೇಡಂ, ನಿಲ್ಲಿಸ್ಲಾ — ನೀರು ಮೊಣಕೈಯನ್ನು ಎತ್ತುತ್ತದೆ, ಅಂಗೈಯನ್ನು ಬಿಡಿಸುತ್ತದೆ, ಮುಂದಕ್ಕೆ ಚಾಚುತ್ತದೆ, ಮತ್ತೆ ಮೊಣಕೈ, ಮತ್ತೆ ಅಂಗೈ, ಅವಳು ದಡದಲ್ಲಿ ನಿಂತು, ನಗುತ್ತಾ, ಆ ಕೈಗೆ ಕೈ ಬೀಸುತ್ತಾಳೆ