ಹಿಂದಿನ ಬಲ ಸೀಟಿನ ಭಾರ

೧
ಎಲ್ಲಿಂದ ಶುರುಮಾಡಲಿ? ಮೊದಲು ಆಕಾಶದಿಂದ ಶುರುಮಾಡಿದ್ದೆ: ಕಾಲಿಮಂತಾನ್ ದ್ವೀಪದ ಬೆಟ್ಟಗಳ ಮೇಲೆ ಆರು ಸೀಟಿನ ವಿಮಾನ, ರೇಡಿಯೊ ಸತ್ತಿತು, ಪೈಲಟ್ ಬೆವೆತ. ಹರಿದು ಹಾಕಿದೆ. ನಾನೇನು ವಿಮಾನ ಹತ್ತಿದವಳಲ್ಲ. ತಕ್ಕಡಿಯಿಂದ ಶುರುಮಾಡುತ್ತೇನೆ.

೨
ನಮ್ಮೂರಿಗೆ ರಸ್ತೆಯಿಲ್ಲ, ವಿಮಾನವೇ ಬಸ್ಸು. ಹತ್ತುವ ಮೊದಲು ಎಲ್ಲರೂ ತಕ್ಕಡಿಯ ಮೇಲೆ ನಿಲ್ಲಬೇಕು. ತೂಕ ನೋಡಿ, ಯಾರು ಎಲ್ಲಿ ಕೂರಬೇಕೆಂದು ಬೆರಳು ತೋರಿಸುವವಳು ರಿಬ್ಕಾ. (ಬೆರಳು ಮಾತ್ರ. ಬಾಯಿ ಬಿಡುವ ಧೈರ್ಯವನ್ನು ನಾನಿನ್ನೂ ಅವಳಿಗೆ ಕೊಟ್ಟಿಲ್ಲ.)

ಮೂರು ಸಲ ಹಾರಾಟದ ನಡುವೆ ರೇಡಿಯೊ ಸತ್ತು, ಇಳಿದ ಮೇಲೆ ತಾನೇ ಬದುಕಿತ್ತು. ಮೆಕ್ಯಾನಿಕ್ ಯೊಸಿಯಾ ಮೂಟೆ ಇಳಿಸಿ, ಸೀಟು ಕಿತ್ತು, ನಾಲ್ಕು ದಿನ ತಂತಿ ತಡಕಿದರು. ಎಲ್ಲ ಸರಿಯಾಗಿತ್ತು! ಇವತ್ತು ಸಂಜೆಯೊಳಗೆ ದೋಷ ಸಿಗದಿದ್ದರೆ ಕಂಪನಿ ವಿಮಾನವನ್ನು ವಾಪಸ್ ಕರೆಸಿಕೊಳ್ಳುತ್ತದೆ. ಆಮೇಲೆ ಪೇಟೆಗೆ ಹೋಗಬೇಕೆಂದರೆ ಕಾಡಿನಲ್ಲಿ ವಾರಗಟ್ಟಲೆ ನಡಿಗೆ.

೩
ಇಲ್ಲಿ, ವಿಮಾನದ ಶೆಡ್ಡಿನ ಬೆಂಚಿನ ಮೇಲೆ, ಒಬ್ಬ ತುಂಬು ಗರ್ಭಿಣಿಯನ್ನು ಕೂರಿಸಿದ್ದೆ.

"ಅವಳ್ಯಾರು? ತೂಕ ಹಾಕೋಳು ನಾನು. ಅಂಥೋರ್ಯಾರೂ ಬಂದಿಲ್ಲ," ಅಂದಳು ರಿಬ್ಕಾ.

"ಕಥೇಲಿ ಸ್ವಲ್ಪ ಆತಂಕ ಬೇಡ್ವೇನೇ?"

"ವಿಮಾನಾನೇ ಹೋಗ್ತಾ ಇದೆ. ಸಾಲ್ದಾ?"

ಗರ್ಭಿಣಿಯನ್ನು ಅಳಿಸಿದೆ. "ನನ್ಹತ್ರ ಇಷ್ಟು ಜೋರು! ಹೋಗಿ ಯೊಸಿಯಾರಿಗೆ ಹೇಳು, ನಿಂಗೆ ಗೊತ್ತಿರೋದ್ನ."

೪
ರಿಬ್ಕಾ ಯೊಸಿಯಾರ ಬೆನ್ನ ಹಿಂದೆ ನಿಂತು ಕೆಮ್ಮಿದಳು.

"ಪಾಕ್... ರೇಡಿಯೊ ಕೆಟ್ಟ ಮೂರೂ ದಿನ ಹಿಂದಿನ ಬಲ ಸೀಟಲ್ಲಿ ಭಾರ ಇತ್ತು. ಎರಡು ಸಲ ಉಪ್ಪು ಮಾರೋ ಬು ಮಾರ್ತಾ, ಒಂದ್ಸಲ ಅವ್ರ ಮೂಟೆ. ನಾನೇ ಕೂರಿಸಿದ್ದು. ನೀವು ಖಾಲಿ ಮಾಡಿ ನೋಡ್ತೀರಿ." (ನಮ್ಮಲ್ಲಿ ಗಂಡಸರಿಗೆ ಪಾಕ್, ಹೆಂಗಸರಿಗೆ ಬು: ಅಯ್ಯಾ, ಅಮ್ಮ ಅಂದ ಹಾಗೆ.)

"ಶಾಲೆ ಬಿಟ್ಟೋಳು ನಂಗೆ ಕರೆಂಟು ಕಲಿಸ್ತೀಯಾ?"

"ಕರೆಂಟು ಗೊತ್ತಿಲ್ಲ ಪಾಕ್. ತೂಕ ಗೊತ್ತು."

ಯೊಸಿಯಾ ಸ್ಕ್ರೂಡ್ರೈವರ್ ಕೆಳಗಿಟ್ಟರು. ಸೀಟನ್ನು ಮತ್ತೆ ಕೂರಿಸಿದರು. ಬು ಮಾರ್ತಾರನ್ನು ಕರೆಸಿದರು. ತೊಂಬತ್ತೆರಡು ಕಿಲೋ. ಕೂತು ಕುಲುಕಾಡಿದರು: ರೇಡಿಯೊ ಸತ್ತಿತು. ಎದ್ದರು: ಗರಗರ ಎಂದು ಬದುಕಿತು.

"ತಕ್ಕಡಿ ಹತ್ತಿದಾಗೆಲ್ಲ ನಗ್ತಿದ್ರಲ್ರೋ, ಈಗ ನಗಿ!" ಬು ಮಾರ್ತಾ ನೆರೆದವರತ್ತ ಕೂಗಿದರು.

ನೆಲದ ತಗಡು ಬಿಚ್ಚಿದರೆ, ಸೀಟಿನ ಕಂಬಿಯ ಕೆಳಗೆ ಸಿಪ್ಪೆ ಸವೆದ ಒಂದು ತಂತಿ. ಮೇಲೆ ಭಾರ ಬಿದ್ದು ಅಲುಗಿದಾಗ ಮಾತ್ರ ಲೋಹಕ್ಕೆ ತಾಗುತ್ತಿತ್ತು. ಯೊಸಿಯಾ ಹೊಸ ತಂತಿ ಹಾಕಿ ಕೈ ಒರೆಸಿಕೊಂಡರು.

"ಇನ್ಮೇಲೆ ಕೆಮ್ಮೋದಿದ್ರೆ ಮೊದಲನೇ ದಿನಾನೇ ಕೆಮ್ಮು, ತಾಯಿ."

೫
ಮುಕ್ತಾಯ ಒಂದು: ಕಂಪನಿ ರಿಬ್ಕಾಳನ್ನು ಮೆಕ್ಯಾನಿಕ್ ತರಬೇತಿಗೆ ಕಳಿಸುತ್ತದೆ. (ನೀವು ಕಾಯುತ್ತಿದ್ದುದು ಇದನ್ನೇ, ಗೊತ್ತು.)

ಮುಕ್ತಾಯ ಎರಡು: ಊರೆಲ್ಲ ಅವಳನ್ನು ಹೊತ್ತು ಕುಣಿಯುತ್ತದೆ.

"ಹೊರೋಕೆ ಮುಂಚೆ ನನ್ನ ತೂಕ ಕೇಳಿದ್ರಾ?" ಅಂದಳು ರಿಬ್ಕಾ.

ಎರಡನ್ನೂ ಬಿಟ್ಟೆ. ವಿಮಾನ ಈಗ ಬೆಟ್ಟದಾಚೆ ಇದೆ. ಹಿಂದಿನ ಬಲ ಸೀಟಿನಲ್ಲಿ ಬು ಮಾರ್ತಾ. ಶೆಡ್ಡಿನ ರೇಡಿಯೊದಲ್ಲಿ ಪೈಲಟ್‌ನ ದನಿ ಕಡಿಯದೆ ಬರುತ್ತಿದೆ, ಅದರ ಹಿಂದೆ ಮಾರ್ತಾರ ನಗು. ಕೊನೆಯ ವಾಕ್ಯಕ್ಕೆಂದು ಪೆನ್ನು ಎತ್ತಿದೆ.

"ಶ್! ಅವ್ರಿನ್ನೂ ಮಾತಾಡ್ತಿದ್ದಾರೆ," ಅಂದಳು ರಿಬ್ಕಾ ನನಗೆ, ಗಟ್ಟಿಯಾಗಿ, ಎಲ್ಲರೆದುರು. "ನೀವು ಸ್ವಲ್ಪ ಸುಮ್ನಿರಿ."