ಅಡ್ಡ ಗೆರೆ, ಉದ್ದ ಗೆರೆ

ಅವಳ ತಮ್ಮ ಫೋನ್ ಇಟ್ಟ ಮೇಲೂ ಅವಳು ಹೊಲಿಗೆ ಯಂತ್ರದ ಮುಂದೆ ಕೂತೇ ಇದ್ದಳು. ಅವನದೇನೂ ತಪ್ಪಿರಲಿಲ್ಲ. ಕಾರ್ಖಾನೆಯಲ್ಲಿ ಪಾಳಿ ಬದಲಾಗಿತ್ತು. ನಾಳೆಯಿಂದ ಭಾವನನ್ನು ತನ್ನ ಗಾಡಿಯಲ್ಲಿ ಫಿಸಿಯೋಥೆರಪಿಗೆ ಕರೆದೊಯ್ಯಲು ಅವನಿಂದ ಆಗುವುದಿಲ್ಲ.

"ಯಾರದು ಫೋನು?" ಒಳಗಿನಿಂದ ಗಂಡ ಕೇಳಿದ.

"ತಮ್ಮಂದು. ನಾಳೆಯಿಂದ ಬರೋಕಾಗಲ್ವಂತೆ."

"ಒಳ್ಳೇದಾಯ್ತು ಬಿಡು. ಆ ರಬ್ಬರ್ ಚೆಂಡು ಹಿಸುಕೋ ಆಟ ಇಲ್ಲಿಗೆ ಮುಗೀತು."

ಅವನು ಆಯುಷ್ಯವೆಲ್ಲ ಟ್ಯಾಕ್ಸಿ ಓಡಿಸಿದವನು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗಲೇ ಬ್ರಷ್ಷು ಕೈಯಿಂದ ಜಾರಿತು, ಅವನೂ ಕುಸಿದ. ಪಾರ್ಶ್ವವಾಯು. ಕಾಲು ಹೇಗೋ ದಾರಿಗೆ ಬಂದು, ಕೋಲು ಹಿಡಿದು ಮನೆಯೊಳಗೆ ಓಡಾಡುವಂತಾದ. ಬಲಗೈ ಮಾತ್ರ ಮುನಿಸಿಕೊಂಡ ನೆಂಟನ ಹಾಗೆ ಮಡಿಲಲ್ಲಿ ಬಿದ್ದುಕೊಂಡಿರುತ್ತಿತ್ತು. ಈಗ ವ್ಯಾಯಾಮ ಬಿಟ್ಟರೆ ಕೈ ಹೀಗೇ ಉಳಿದುಬಿಡುತ್ತದೆ ಎಂದು ಫಿಸಿಯೋಥೆರಪಿಯ ಹುಡುಗಿ ಖಂಡಿತವಾಗಿ ಹೇಳಿದ್ದಳು. ಬಸ್ಸಿನ ಮೆಟ್ಟಿಲು ಹತ್ತಲು ಅವನಿಗೆ ಆಗದು. ಟ್ಯಾಕ್ಸಿ ಎಂದರೆ ಮುಖ ಕೆಂಪಾಗುತ್ತಿತ್ತು. "ಇನ್ನೊಬ್ಬನ ಟ್ಯಾಕ್ಸಿಲಿ ಹಿಂದೆ ಕೂರ್ಬೇಕಾ ನಾನು? ಅದಕ್ಕಿಂತ ಮಲಗಿರ್ತೀನಿ."

ಅವಳು ಎದ್ದು ಗಂಡನ ಕಾರಿನ ಕೀಲಿ ತೆಗೆದುಕೊಂಡಳು.

ಅವಳಿಗೆ ಲೈಸೆನ್ಸ್ ಇತ್ತು. ಆದರೆ ಸ್ಟೇರಿಂಗ್ ಮುಟ್ಟಲು ಗಂಡ ಬಿಟ್ಟಿರಲಿಲ್ಲ. "ನೀನು ಸೂಜಿ ಓಡಿಸು, ನಾನು ಗಾಡಿ ಓಡಿಸ್ತೀನಿ" ಎಂದು ನಕ್ಕು ಮಾತು ಮುಗಿಸುತ್ತಿದ್ದ. ತಮ್ಮನ ಗಾಡಿಯಲ್ಲಿ ಆಗಾಗ ಊರೆಲ್ಲ ಸುತ್ತಿ ಅವಳು ಕೈ ಪಳಗಿಸಿಕೊಂಡಿದ್ದಳು. ಆ ಸುದ್ದಿಯನ್ನು ಗಂಡನ ಕಿವಿಗೆ ಹಾಕಿರಲಿಲ್ಲ.

ಕಾರು ಮನೆಯ ಮುಂದಿನ ಮರದಡಿ ನಿಂತಿತ್ತು. ತಮ್ಮ ವಾರಕ್ಕೊಮ್ಮೆ ಎಂಜಿನ್ ಚಾಲೂ ಮಾಡಿ ಹೋಗುತ್ತಿದ್ದನೇ ಹೊರತು ಒಮ್ಮೆಯೂ ಒರೆಸಿರಲಿಲ್ಲ. ಮುಂದಿನ ಗಾಜಿನ ಮೇಲೆ ಹಕ್ಕಿ ಹಿಕ್ಕೆ ಸುಣ್ಣದಂತೆ ಗಟ್ಟಿಯಾಗಿತ್ತು. ಮರದ ಅಂಟು ಹನಿಹನಿಯಾಗಿ ಬಿದ್ದು ಒಣಗಿತ್ತು. ಅದರ ಮೇಲೆ ಧೂಳು. ಬಂಪರಿನ ಮತ್ತು ಬಾಗಿಲ ಪಕ್ಕದ ಕಪ್ಪು ಪ್ಲಾಸ್ಟಿಕ್ ಪಟ್ಟಿಗಳು ಬಿಸಿಲಿಗೆ ಬೆಳ್ಳಗಾಗಿ, ಹಳೇ ಚಪ್ಪಲಿಯ ಬಣ್ಣಕ್ಕೆ ತಿರುಗಿದ್ದವು. ಒಳಗೆ ಕೂತು ನೋಡಿದರೆ ರಸ್ತೆಯೇ ಕಾಣಿಸುತ್ತಿರಲಿಲ್ಲ.

"ಇವತ್ತು ನೀನು, ಇಲ್ಲ ನಾನು" ಎಂದು ಅವಳು ಗಾಜಿಗೇ ಹೇಳಿ, ಸೆರಗು ಸಿಕ್ಕಿಸಿಕೊಂಡು, ಹಳೇ ಬಟ್ಟೆ ಹಿಡಿದು ಉಜ್ಜತೊಡಗಿದಳು.

ಕರ್ರ್ ಎಂದು ಸದ್ದಾಯಿತು.

"ಏಯ್! ಒಣಬಟ್ಟೆ ಹಾಕ್ಬೇಡ್ವೇ! ಗೀರು ಬೀಳುತ್ತೆ!"

ಕಿಟಕಿಯಲ್ಲಿ ಗಂಡನ ಮುಖ ಕಂಡಿತು. ಇಷ್ಟು ಗಟ್ಟಿಯಾಗಿ ಅವನು ಕೂಗಿ ಎಷ್ಟೋ ದಿನವಾಗಿತ್ತು.

"ಮತ್ತೇನು ಮಾಡ್ಲಿ?"

"ಏನೂ ಮಾಡ್ಬೇಡ. ನಿಂತಿರ್ಲಿ ಅದು. ಯಾರು ಓಡಿಸ್ಬೇಕು ಈಗ ಅದನ್ನ?"

"ನಾನು."

ಅವನು ಮುಖ ಒಳಗೆಳೆದುಕೊಂಡ.

ಅವಳು ಬಕೆಟ್ಟಿನಲ್ಲಿ ನೀರು ತಂದು ಗಾಜಿಗೆ ಸುರಿದಳು. ಧೂಳು ಹೋಯಿತು, ಹಿಕ್ಕೆಯೂ ಅಂಟೂ ಹಾಗೇ ಉಳಿದವು. ಅದು ನೆನೆಯಲಿ ಎಂದು ಬಿಟ್ಟು ಬಂಪರಿನ ಕಡೆ ಹೋದಳು. ಬೆಳ್ಳಗಾದ ಪ್ಲಾಸ್ಟಿಕ್ಕಿಗೆ ಎಣ್ಣೆ ಹಚ್ಚಿದರೆ ಕಪ್ಪಾಗುತ್ತದೆಂದು ಯಾರೋ ಹೇಳಿದ್ದು ನೆನಪಿತ್ತು. ಅಡುಗೆಮನೆಯಿಂದ ಎಣ್ಣೆ ತಂದು ಉದಾರವಾಗಿ ಬಳಿದಳು. ಪಟ್ಟಿಗಳು ಮಿರಮಿರ ಮಿಂಚಿದವು. ಅವಳಿಗೆ ಹಿಗ್ಗೋ ಹಿಗ್ಗು. ಅಷ್ಟರಲ್ಲಿ ರಸ್ತೆಯಲ್ಲಿ ಲಾರಿಯೊಂದು ಧೂಳೆಬ್ಬಿಸಿಕೊಂಡು ಹೋಯಿತು. ಧೂಳೆಲ್ಲ ಬಂದು ಬಂಪರಿಗೆ ಮೆತ್ತಿಕೊಂಡು ಕಂಬಳಿ ಹೊದಿಸಿದಂತಾಯಿತು.

"ಬಂಪರನ್ನ ಕರಿಯೋಕೆ ಹೊರಟಿದ್ದೀಯೇನು?"

ತಿರುಗಿ ನೋಡಿದರೆ ಗಂಡ ಬಾಗಿಲಲ್ಲಿ ನಿಂತಿದ್ದ. ಮಾತಿನಲ್ಲಿ ಕೋಪವಿತ್ತು, ತುಟಿಯ ಅಂಚಿನಲ್ಲಿ ನಗು. ಕೋಲೂರಿ, ಗೋಡೆಗೆ ಭುಜ ಆನಿಸುತ್ತಾ ಕಾರಿನವರೆಗೆ ಬಂದ. ಅವನನ್ನು ಹಿಡಿದುಕೊಳ್ಳಲು ಅವಳ ಕೈ ಮುಂದಾಯಿತು. ತಡೆದುಕೊಂಡಳು.

"ಸೋಪಿನ ನೀರು ತಗೊಂಬಾ. ಹಳೇ ಬ್ರಷ್ಷೂ ಬೇಕು. ಎಣ್ಣೆ ಪೂರ್ತಿ ಬಿಡಿಸ್ಬೇಕು. ಅಂಗಡಿಲಿ ಇದಕ್ಕೇ ಅಂತ ಪಾಲಿಷ್ ಸಿಗುತ್ತೆ, ಪ್ಲಾಸ್ಟಿಕ್ ಒಣಗಿದ ಮೇಲೆ ಅದನ್ನ ತೆಳ್ಳಗೆ ಹಚ್ಚು. ಅವಸರ ಬೇಡ. ಮೊದಲು ಗಾಜು."

"ಹೇಳಿ, ಗಾಜಿಗೇನು?"

"ಹಿಕ್ಕೆ ಮೇಲೆ ಒದ್ದೆ ಬಟ್ಟೆ ಹಾಸಿಬಿಡು, ಅದೇ ಮೆತ್ತಗಾಗುತ್ತೆ. ಅಂಟಿಗೆ ಸ್ಪಿರಿಟ್ಟು. ಮಲಗಿದ್ದಾಗ ನನ್ನ ಬೆನ್ನಿಗೆ ಹಚ್ತಿದ್ದ ಬಾಟಲಿ ಇದೆಯಲ್ಲ, ತಾ."

ಅವಳು ಸ್ಪಿರಿಟ್ ತಂದಳು. ಬಣ್ಣಕ್ಕೆ ತಗಲದಂತೆ ಬಟ್ಟೆಯ ಮೂಲೆಗಷ್ಟೇ ಸುರಿದುಕೊಂಡು ಅಂಟಿನ ಮೇಲಿಟ್ಟು ಒತ್ತಿದಳು. ಒಂದೊಂದೇ ಹನಿ ಕರಗಿ ಜಾರಿತು. ಅದೇ ಬಟ್ಟೆಯಲ್ಲಿ ವೈಪರಿನ ರಬ್ಬರ್ ಒರೆಸಿದಾಗ ಮಸಿಯಂಥ ಕಪ್ಪು ಬಂತು. ಗಂಡ ಸ್ವಲ್ಪ ಹೊತ್ತು ನೋಡಿದ. ಆಮೇಲೆ ತಡೆಯಲಾರದೆ, ಕೋಲನ್ನು ಕಾರಿಗೆ ಆನಿಸಿ ಎಡಗೈ ಚಾಚಿದ. "ಕೊಡಿಲ್ಲಿ. ಹೀಗೆ ಮುದ್ದು ಮಾಡಿದ್ರೆ ಸಾಯಂಕಾಲ ಆಗುತ್ತೆ. ನೀನು ಒಳಗಡೆ ಒರೆಸು."

"ಒಳಗೂ ಕೊಳೆಯಾ?"

"ಒಳಗೇ ಜಾಸ್ತಿ. ಉಸಿರಿಂದು, ಪ್ಲಾಸ್ಟಿಕ್ಕಿಂದು ಜಿಡ್ಡು ಕೂತಿರುತ್ತೆ. ಬಿಸಿಲು ಎದುರು ಬಂದಾಗ್ಲೇ ಗೊತ್ತಾಗೋದು. ಕೇಳು, ನೀನು ಒಳಗೆ ಮೇಲಿಂದ ಕೆಳಕ್ಕೆ ಒರೆಸು. ನಾನು ಹೊರಗೆ ಅಡ್ಡಡ್ಡ. ಗೆರೆ ಉಳಿದ್ರೆ ಯಾರದು ಅಂತ ಗೊತ್ತಾಗುತ್ತೆ."

ಹಾಗೆ ಗಂಡಹೆಂಡಿರು ಗಾಜಿನ ಆಚೀಚೆ ಸೇರಿಕೊಂಡರು. ಅವನ ಎಡಗೈಗೆ ಈ ಕೆಲಸ ಹೊಸದು. ಬಟ್ಟೆ ಸೊಟ್ಟಪಟ್ಟ ಓಡಿತು.

"ಉದ್ದ ಗೆರೆ! ನಿಂದು!" ಅವನು ಗಾಜು ತಟ್ಟಿದ.

ಅವಳು ಒರೆಸಿದಳು. ಆಮೇಲೆ ಒಳಗಿನಿಂದ ಬೆರಳು ತೋರಿಸಿದಳು. "ಅಡ್ಡ ಗೆರೆ. ಯಾರಪ್ಪಾ ಅದು?"

"ಎಲ್ಲಿ? ಸುಳ್ಳು."

"ಇಲ್ಲಿ. ಇನ್ನೊಂದು ಇಲ್ಲಿ. ಇದಂತೂ ಹೆದ್ದಾರಿ!"

ಅವನು ಬೈದುಕೊಂಡೇ ಒರೆಸಿದ. ಗಾಜಿನ ನಡುವಿನ ಗೆರೆ ಕೈಗೆ ಸಿಗಲಿಲ್ಲ. ಬಾನೆಟ್ಟಿಗೆ ಒರಗಬೇಕು, ಎಡಗೈಯಲ್ಲಿ ಬಟ್ಟೆಯಿದೆ. ಅವನು ಬಲಗೈಯನ್ನು ನೋಡಿದ. ಹಲ್ಲು ಕಚ್ಚಿ, ಭುಜದಿಂದಲೇ ಅದನ್ನು ಎತ್ತಿ ಬಾನೆಟ್ಟಿನ ಮೇಲೆ ಹಾಕಿದ. ಬೆರಳುಗಳು ಮಡಚಿಕೊಂಡೇ ಇದ್ದವು. ಅಂಗೈ ಜಾರಿತು. ಅವನು ಮತ್ತೆ ಎತ್ತಿ ಹಾಕಿದ, ಮೈಭಾರ ಬಿಟ್ಟ. ಮೊಣಕೈ ನಡುಗಿತು, ಆದರೆ ಈ ಸಲ ನಿಂತಿತು. ಎಡಗೈ ಮುಂದೆ ಹೋಗಿ ಗೆರೆ ಅಳಿಸಿತು.

"ಈಗ ನೋಡು" ಎಂದಷ್ಟೇ ಅವನು ಏದುಸಿರಿನಲ್ಲಿ ಹೇಳಿದ. ಗಾಜೇ ಇಲ್ಲವೇನೋ ಎನ್ನುವಂತೆ ಅವನ ಬೆವರಿದ ಮುಖ ಅವಳಿಗೆ ಕಂಡಿತು.

ಮಾರನೆಯ ದಿನ ಅವನನ್ನು ಹೊರಡಿಸುವುದು ಸುಲಭವಾಗಲಿಲ್ಲ. "ಗಾಡಿ ತೊಳೆದ ಮಾತ್ರಕ್ಕೆ ಡ್ರೈವರ್ ಆಗ್ಬಿಟ್ಯಾ?" ಎಂದ. ಅವಳು ಮುಂದಿನ ಬಾಗಿಲು ತೆರೆದು ಹಿಡಿದು ನಿಂತಳು. "ನೀವು ಬರೋವರೆಗೂ ನಾನು ಹೀಗೇ ನಿಂತಿರ್ತೀನಿ. ಪಕ್ಕದ ಮನೆಯೋರೆಲ್ಲ ಕೇಳಿದ್ರೆ ನೀವೇ ಉತ್ತರ ಕೊಡಿ." ಪಕ್ಕದ ಮನೆಯ ಕಿಟಕಿ ತೆರೆಯಿತು. ಅವನು ಹತ್ತಿ ಕೂತ.

ದಾರಿಯುದ್ದಕ್ಕೂ ಅಲ್ಲಿಲ್ಲದ ಬ್ರೇಕನ್ನು ಅವನ ಕಾಲು ಒತ್ತುತ್ತಲೇ ಇತ್ತು. "ಗೇರ್ ಇಳಿಸು. ಹಾರ್ನ್ ಹೊಡಿ. ಆ ಸ್ಕೂಟರಿನವನು ನಿಲ್ಲಲ್ಲ, ಕಣ್ಣಿಡು." ಅವಳು ಹ್ಞೂಂ ಎನ್ನುತ್ತಾ ತನ್ನ ಪಾಡಿಗೆ ಓಡಿಸಿದಳು. ದೊಡ್ಡ ರಸ್ತೆಯ ತಿರುವಿನಲ್ಲಿ ಅಂಗಡಿಯವನೊಬ್ಬ ದಿಢೀರನೆ ತಳ್ಳುಗಾಡಿಯನ್ನು ಎದುರಿಗೇ ತಂದ. ಗಂಡ ಕಣ್ಣು ಮುಚ್ಚಿಕೊಂಡ. ತೆರೆದಾಗ ತಳ್ಳುಗಾಡಿ ಹಿಂದೆ ಉಳಿದಿತ್ತು, ಅವಳು ಗೇರ್ ಬದಲಿಸುತ್ತಿದ್ದಳು.

"ಎಲ್ಲಿ ಕಲಿತೆ ಇದನ್ನ?"

"ತಮ್ಮನ ಗಾಡಿಲಿ."

"ಕಳ್ಳ ನನ್ಮಗ" ಎಂದ ಅವನು. ಆಮೇಲೆ ಆಸ್ಪತ್ರೆ ಬರುವವರೆಗೆ ಒಂದು ಸೂಚನೆಯನ್ನೂ ಕೊಡಲಿಲ್ಲ.

ಅವನ ಬಲಗೈ ಮೊದಲಿನಂತೆ ಆಗಲೇ ಇಲ್ಲ. ಆದರೆ ತಿಂಗಳುಗಳ ಮೇಲೆ ಬೆರಳುಗಳು ಬಿಚ್ಚಿಕೊಂಡವು, ಲೋಟ ಹಿಡಿಯುವಂತಾದವು. ಸ್ಟೇರಿಂಗ್ ಅವಳದೇ ಆಯಿತು. ಆ ಮೊದಲ ದಿನ ಆಸ್ಪತ್ರೆಯ ಅಂಗಳದಲ್ಲಿ ಅವಳು ಗಾಡಿಯನ್ನು ಎರಡು ಗಾಡಿಗಳ ಜಾಗಕ್ಕೆ ಓರೆಯಾಗಿ ನಿಲ್ಲಿಸಿದ್ದಳು. ಅವನು ಬಾಗಿಲು ತೆರೆದು ಕೆಳಗಿನ ಗೆರೆಗಳನ್ನು ನೋಡಿದ. ಆಮೇಲೆ ಕೋಲು ಹೊರಗೆ ಊರುತ್ತಾ ಹೇಳಿದ:

"ಇರ್ಲಿ ಬಿಡು. ಇಳಿಯೋಕೆ ಜಾಗ ಧಾರಾಳವಾಗಿದೆ."