ತಟ್ಟದೆ ಒಳಬಾರದ ಲ್ಯೂಬೆನ್

ಲ್ಯೂಬೆನ್ ತನ್ನ ಮನೆಯ ಬಾಗಿಲನ್ನೂ ತಟ್ಟಿಯೇ ಒಳಗೆ ಬರುತ್ತಿದ್ದ. ಸೆಪ್ಟೆಂಬರಿನ ಆ ಕೊನೆಯ ಭಾನುವಾರವೂ ಹಾಗೆಯೇ. ಹೆಂಡತಿ ಸ್ತೋಯ್ನಾ ಅಡುಗೆಮನೆಯಲ್ಲಿ ಕೂತು, ಸುಟ್ಟ ದಪ್ಪ ಮೆಣಸಿನಕಾಯಿಗಳ ಸಿಪ್ಪೆ ಸುಲಿಯುತ್ತಿದ್ದಳು.

"ಯಾರಪ್ಪಾ ಅದು, ನೆಂಟರಾ?"

"ನಾನು, ಲ್ಯೂಬೆನ್. ಬರ್ಲಾ?"

"ಮದ್ವೆಯಾಗಿ ಮೂವತ್ತೊಂದು ವರ್ಷ ಆಯ್ತು. ಬೇಡ ಅಂದ್ರೆ ವಾಪಸ್ ಹೋಗ್ತೀಯಾ?"

"ಅಂದು ನೋಡು."

ಅವಳು ಅನ್ನಲಿಲ್ಲ. ಇಬ್ಬರೂ ನಿಂತುಕೊಂಡೇ ಬ್ರೆಡ್ಡಿಗೆ ಮೆಣಸಿನಕಾಯಿ ಹಚ್ಚಿ ತಿಂದರು. ಅವರ ಕೊನೆಯ ಒಳ್ಳೆಯ ದಿನ ಅದೇ.

ಲ್ಯೂಬೆನ್ ಉದ್ದನೆಯ ಆಳು. ಎಲ್ಲ ಬಾಗಿಲುಗಳೂ ತನಗೆ ಗಿಡ್ಡವೆಂಬಂತೆ ಸದಾ ತಲೆ ಬಗ್ಗಿಸಿ, ಹೆಜ್ಜೆಯ ಸದ್ದಾಗದಂತೆ ನಡೆಯುತ್ತಿದ್ದ. ತೋಳು ಗಿಡ್ಡವಾದ ಬಿಳಿ ಕೋಟು. ಅದರ ಜೇಬಿನಲ್ಲಿ ಬೇಸಿಗೆಯ ಜೂನ್ ತಿಂಗಳಲ್ಲೂ ಉಣ್ಣೆಯ ಕೈಗವಸು. ತಣ್ಣನೆಯ ಕೈಯಿಂದ ರೋಗಿಯನ್ನು ಮುಟ್ಟುವುದು ಬೈದಷ್ಟೇ ತಪ್ಪು ಎನ್ನುತ್ತಿದ್ದ.

ದಾನ್ಯೂಬ್ ದಡದ ಆ ಊರಿನ ವಿಶ್ವವಿದ್ಯಾಲಯದ ನರ್ಸಿಂಗ್ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಪಾಠ ಹೇಳಿದ. ಅಲ್ಲಿನ ಹೆಬ್ಬಾಗಿಲ ಮೇಲೆ ಘನತೆ, ಕರುಣೆ, ಜ್ಞಾನ, ಸೇವೆ ಎಂದು ದೊಡ್ಡಕ್ಷರಗಳಲ್ಲಿ ಬರೆಸಿದ್ದರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಸ್ತೋಯ್ನಾ ಮೊದಲ ಸಲ ಅದನ್ನು ಅಕ್ಷರ ಕೂಡಿಸಿ ಓದಿ ಕೇಳಿದ್ದಳು: "ಇವನ್ನೆಲ್ಲ ಹೆಂಗೆ ಕಲಿಸ್ತೀಯ?"

"ಬಾಗಿಲು ತಟ್ಟೋದ್ರಿಂದ ಶುರು ಮಾಡ್ತೀನಿ."

ತಟ್ಟು, ನಿನ್ನ ಹೆಸರು ಹೇಳು, ಮುಟ್ಟಲಾ ಎಂದು ಕೇಳು. ಕಲಿಕೆಗಿಟ್ಟ ರಬ್ಬರಿನ ಗೊಂಬೆಗೂ ಇದೇ ಮರ್ಯಾದೆ. ಕೇಳದೆ ಗೊಂಬೆಯ ಹೊದಿಕೆ ಎಳೆದವರನ್ನು ಹೊರಗೆ ನಿಲ್ಲಿಸುತ್ತಿದ್ದ. ಮನೆಯಲ್ಲಿ ಹಾಸಿಗೆ ಹಿಡಿದ ಅವನ ತಾಯಿಯ ಕಂಬಳಿಯನ್ನು ಸ್ತೋಯ್ನಾ ಸರ್ರನೆ ಎಳೆದರೆ ಅವನ ಮುಖ ಬಾಡುತ್ತಿತ್ತು.

"ಕೇಳಿ ಮುಟ್ಟೇ, ಮಾರಾಯ್ತಿ."

"ನಿನ್ನ ಶಾಲೆ ನಿನ್ನ ಹತ್ರಾನೇ ಇಟ್ಕೋ. ನಂಗೆ ಒಲೆ ಮೇಲೆ ಹಾಲಿದೆ."

ಪರೀಕ್ಷೆಯಲ್ಲಿ ಅವನೇ ರೋಗಿಯಾಗಿ ಮಲಗುತ್ತಿದ್ದ. ಮುನಿಸಿಕೊಂಡ, ಮಾತಾಡದ ರೋಗಿ. ಅವನು ಹೂಂ ಅನ್ನುವ ಮೊದಲು ಮುಟ್ಟಿದವರು ಫೇಲು.

ಆ ಭಾನುವಾರದ ಮರುದಿನ, ಸೋಮವಾರವೂ, ಹಾಗೆಯೇ ಮಲಗಿದ. ರಾಲಿತ್ಸಾ ಎಂಬ ಹುಡುಗಿ ತಟ್ಟಿದಳು, ಹೆಸರು ಹೇಳಿದಳು, ಕೇಳಿದಳು. ಉತ್ತರವಿಲ್ಲ. "ಮೇಷ್ಟ್ರದ್ದು ಇವತ್ತು ಭಾರೀ ಹಟ ಕಣ್ರೇ" ಎಂದು ಯಾರೋ ನಕ್ಕರು. ಮತ್ತೆ ಕೇಳಿದಳು. ಕಾದಳು. ಎಲ್ಲರೂ ಕಾದರು, ಶಿಸ್ತಾಗಿ, ಕೈ ಕಟ್ಟಿಕೊಂಡು, ಆರು ನಿಮಿಷ. ಆಮೇಲೆ ಅವನ ಕೈ ಮಂಚದಿಂದ ಜಾರಿ ನೇತಾಡಿತು.

ಹೃದಯ ನಿಂತಿತ್ತು. ಎದೆ ಒತ್ತಿದರು, ಉಸಿರು ಊದಿದರು, ಅವನು ಕಲಿಸಿದ್ದನ್ನೆಲ್ಲ ಮಾಡಿದರು. ತಡವಾಗಿತ್ತು.

ಫೋನು ಬಂದಾಗ ಸ್ತೋಯ್ನಾ ಒಲೆ ಆರಿಸಿದಳು. ಮತ್ತೆ ಹೊತ್ತಿಸಿದಳು. ಮತ್ತೆ ಆರಿಸಿದಳು. ಅಳು ಬರಲಿಲ್ಲ. ಮರುದಿನ ಅಲ್ಲಿನ ರೂಢಿಯಂತೆ ಅವನ ಫೋಟೋ ಇದ್ದ ಸಾವಿನ ಚೀಟಿಯನ್ನು ಮನೆಯ ಬಾಗಿಲಿಗೆ ಅಂಟಿಸಿದರು. ಪೇಟೆಯಿಂದ ಬಂದ ಸ್ತೋಯ್ನಾ ಆ ಮುಖ ಕಂಡು ತನ್ನ ಮನೆಯ ಬಾಗಿಲನ್ನೇ ತಟ್ಟಿ ನಿಂತುಬಿಟ್ಟಳು.

ಸತ್ತವರನ್ನು ನೆನೆಯುವ ನಲವತ್ತನೇ ದಿನ ರಾಲಿತ್ಸಾ ಬಂದಳು. ಹೊಸ್ತಿಲು ದಾಟಲಿಲ್ಲ.

"ಅಮ್ಮಾ, ನಾವು ಸುಮ್ನೆ ನಿಂತಿದ್ವಿ. ನಾನೇ ಮುಂದಿದ್ದೆ."

ಸ್ತೋಯ್ನಾಳಿಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು.

"ಶಾಲೆಯವರು ಕೇಳಿ ಮುಟ್ಟೋ ಆ ನಿಯಮಾನೇ ತೆಗೀತಾರಂತೆ. ನಿಮ್ಮನ್ನ ಒಂದ್ಮಾತು ಕೇಳ್ಕೊಂಡು ಬಾ ಅಂದ್ರು."

ಅವನ ಮರ್ಯಾದೆಯೇ ಅವನನ್ನು ಕೊಂದಿತೇ? ನಲವತ್ತು ದಿನ ಅವಳು ಅದನ್ನೇ ಅಗಿದಿದ್ದಳು. ಆದರೆ ಅದನ್ನು ತೆಗೆದರೆ ಲ್ಯೂಬೆನ್‌ನದೆಂದು ಉಳಿಯುವುದಾದರೂ ಏನು? ಒಂದು ಗಿಡ್ಡ ಕೋಟು.

"ತೆಗೀಬೇಡಿ" ಎಂದಳು. "ತಟ್ಟಿ, ಕೇಳಿ. ಉತ್ತರ ಬರ್ಲಿಲ್ಲ ಅಂದ್ರೆ ಮಾತ್ರ ನಿಲ್ಬೇಡಿ, ಕೈ ಹಾಕಿ. ಇದನ್ನ ಅವನು ಹೇಳ್ಕೊಡ್ಲಿಲ್ಲ. ನಾನು ಹೇಳ್ತಿದೀನಿ, ಬರ್ಕೋ."

ಹುಡುಗಿ ನಿಂತಲ್ಲೇ ಅತ್ತಳು.

"ಒಳಗೆ ಬಾ. ಎಷ್ಟೊತ್ತು ಅಲ್ಲೇ ನಿಲ್ತೀಯ? ಚಳಿ ನುಗ್ತಿದೆ."

ಇಂಥವರು ಎಲ್ಲೋ ಒಬ್ಬೊಬ್ಬರು ಇರುತ್ತಾರೆ. ಒಂದು ಸಣ್ಣ ಸಂಗತಿಯನ್ನು ಜನ್ಮವಿಡೀ ಬಿಗಿಯಾಗಿ ಹಿಡಿದಿರುತ್ತಾರೆ. ಗೊಂಬೆಯ ಅಪ್ಪಣೆಯನ್ನೂ ಕೇಳುತ್ತಾರೆ. ಹೋಗುವಾಗ ಮಾತ್ರ ಯಾರನ್ನೂ ಕೇಳುವುದಿಲ್ಲ.

ದಿನಾ ಬೆಳಿಗ್ಗೆ ಸ್ತೋಯ್ನಾ ಬಿಸಿನೀರಿನ ಬೋಗುಣಿ ಹಿಡಿದು ಅತ್ತೆಯ ಕೋಣೆಯ ಬಾಗಿಲು ತಟ್ಟುತ್ತಾಳೆ. "ಅತ್ತೇ, ನಾನು, ಸ್ತೋಯ್ನಾ. ಬರ್ಲಾ?" ಮುದುಕಿ ಕೆಲವು ದಿನ ಹೂಂ ಅನ್ನುತ್ತಾಳೆ. ಅನ್ನದ ದಿನ ಸ್ತೋಯ್ನಾ ಮೂರು ಎಣಿಸುತ್ತಾಳೆ. ಒಳಗೆ ಹೋಗಿ ಮೊದಲು ನಾಡಿ ಹಿಡಿದು ನೋಡುತ್ತಾಳೆ. ಆಮೇಲೆ ಬಟ್ಟೆ ಅದ್ದಿ ಮುಖ ಒರೆಸುತ್ತಾಳೆ.